ಮನೆಗೆ ಓಟು, ಮಗನಿಗಿಲ್ಲ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿಬಂದ ವಿಷಯ ಕಳೆದ ಸಲ ಇದೇ ಅಂಕಣದಲ್ಲಿ ಬರೆದಿದ್ದೆ. ಅವಳ ಊರಿನ ಟೌನ್ ಹಾಲ್ ಗೋಡೆಯಲ್ಲಿ ಹಳೇ ಮೇಯರ್‌ಗಳ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆದ ಮರದ ಹಲಗೆ ನೋಡಿದೆ, ಒಬ್ಬೊಬ್ಬರ ಮುಂದೆ ಒಂದೊಂದೇ ವರ್ಷ ಇತ್ತು ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಅದಕ್ಕೇ ಇಷ್ಟು ಪ್ರಶ್ನೆಗಳು ಬಂದಿವೆ. ಪುರಸಭೆಯ ಕಂದಾಯ ಶಾಖೆಯಲ್ಲಿ ಮೂವತ್ತೊಂದು ವರ್ಷ ಬಿಲ್ ಕಲೆಕ್ಟರ್ ಆಗಿದ್ದವನು ನಾನು. ಊರಿನ ಎಲೆಕ್ಷನ್ ಅಂದರೆ ನನಗೂ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳಿಗೆ ರಜೆ.

ನಮ್ಮ ತಾತ 1935ರಲ್ಲಿ ಎಂಜಿನಿಯರಿಂಗ್ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದರು. ಅಜ್ಜಿಗೆ ಬರೆದ ಒಂದು ಕಾಗದ ಮೊನ್ನೆ ಹಳೇ ಟ್ರಂಕಿನಲ್ಲಿ ಸಿಕ್ಕಿತು. ತಾರೀಕು ನವೆಂಬರ್ 1. “ಇವತ್ತು ಈ ಊರಿನ ಕೌನ್ಸಿಲಿಗೆ ಎಲೆಕ್ಷನ್. ನಾನಿರುವ ಮನೆಯ ಯಜಮಾನಿ, ಗಂಡ ಹೋದವರು, ಮಳೆಯಲ್ಲೇ ಹೋಗಿ ಓಟು ಹಾಕಿ ಬಂದರು. ಮಗನಿಗೆ ಇಪ್ಪತ್ತಾರು ವರ್ಷ, ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ಓಟಿಲ್ಲವಂತೆ. ಎರಡು ವಾರ ಕಳೆದರೆ ಪಾರ್ಲಿಮೆಂಟಿಗೆ ಮಾತ್ರ ಹಾಕುತ್ತಾನಂತೆ. ನನಗೆ ಎರಡೂ ಇಲ್ಲ” ಅಂತಿದೆ. ಇದು ಹೇಗೆ ಸಾಧ್ಯ? ಇನ್ನೊಂದು, ಕಾಗದದ ಮೇಲೆ ಊರಿನ ಹೆಸರು ನೀರು ಬಿದ್ದು ಅಳಿಸಿದೆ. ಕವರ್ ಕೂಡ ಇಲ್ಲ. ಯಾವ ಊರೆಂದು ಗೊತ್ತುಮಾಡಬಹುದಾ?
— ಓದುಗಿ, ಮಂಡ್ಯ

ತಾಯಿ, ನಿಮ್ಮ ತಾತ ಬರೆದಿದ್ದು ಅಕ್ಷರಶಃ ಸರಿ. ಅವರ ಕಣ್ಣಿಗೆ ಬಿದ್ದದ್ದು ಸಣ್ಣ ವಿಷಯವೂ ಅಲ್ಲ. ಊರಿನ ಹೆಸರಿನ ವಿಚಾರ ಕೊನೆಗೆ ಇಟ್ಟುಕೊಳ್ಳೋಣ, ಮೊದಲು ಓಟು.

1935ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆ ನವೆಂಬರ್ 14ಕ್ಕೆ ನಡೆಯಿತು. ಪಾರ್ಲಿಮೆಂಟಿಗೆ 21 ತುಂಬಿದ ಗಂಡಸು ಹೆಂಗಸು ಎಲ್ಲರಿಗೂ ಓಟಿತ್ತು. ಹೆಂಗಸರಿಗೆ ಗಂಡಸರ ಸಮನಾಗಿ ಅದು ಸಿಕ್ಕಿದ್ದು 1928ರಲ್ಲಿ. ಊರಿನ ಕೌನ್ಸಿಲಿನ ಲೆಕ್ಕವೇ ಬೇರೆ. 1918ರ ಕಾನೂನಿನ ಪ್ರಕಾರ ಮನೆಯನ್ನೋ ಅಂಗಡಿಯನ್ನೋ ತನ್ನ ಹೆಸರಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಓಟು. ಸ್ವಂತದ್ದೇ ಆಗಬೇಕಿಲ್ಲ, ಬಾಡಿಗೆಯದ್ದಾದರೂ ಸಾಕು. ಅವರ ಹೆಂಡತಿಗೂ, 1928ರ ನಂತರ ಮನೆ ಹೆಂಡತಿಯ ಹೆಸರಿನಲ್ಲಿದ್ದರೆ ಗಂಡನಿಗೂ ಓಟು ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ಅದೇ ಮನೆಯಲ್ಲಿ ಮಲಗಿ ಎದ್ದು, ಸಂಬಳದಲ್ಲಿ ಪಾಲು ಅಮ್ಮನ ಕೈಗೆ ಕೊಡುವ ಮಗನಿಗೆ ಇಲ್ಲ. ಮದುವೆಯಾಗದ ಮಗಳಿಗೆ ಇಲ್ಲ. ಮನೆ ವಿಧವೆಯ ಹೆಸರಿನಲ್ಲಿತ್ತು, ಅವರು ಮಳೆಯಲ್ಲಿ ಹೋಗಿಬಂದರು. ಮಗ ಒಲೆಯ ಮುಂದೆ ಕೂತಿದ್ದಿರಬೇಕು.

ನಾನು ಕಂದಾಯದ ಮನುಷ್ಯ ಅಲ್ವಾ, ನನಗೆ ಇದು ತಕ್ಷಣ ಅರ್ಥವಾಯಿತು. ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಒಂದು ಮನೆಗೆ ಒಂದು ಹೆಸರು. ಒಳಗೆ ಹನ್ನೆರಡು ಜನ ಇದ್ದರೂ ನನ್ನ ಪುಸ್ತಕಕ್ಕೆ ಯಜಮಾನ ಒಬ್ಬನೇ. ಬಾಗಿಲು ತೆಗೆದ ಹುಡುಗ “ಅಪ್ಪ ಇಲ್ಲ” ಅಂದರೆ ನನ್ನ ಮಟ್ಟಿಗೆ ಆ ಮನೆಯಲ್ಲಿ ಯಾರೂ ಇಲ್ಲ. ಇಂಗ್ಲೆಂಡಿನವರು ಊರಿನ ಓಟರ್ ಲಿಸ್ಟನ್ನೂ ಹೀಗೇ ಬರೆದುಕೊಂಡಿದ್ದರು. ಊರು ನಡೆಯುವುದು ಮನೆ ಕಂದಾಯದಿಂದ, ಆದ್ದರಿಂದ ಕಂದಾಯ ಹೊರುವವನೇ ಯಜಮಾನ ಅನ್ನುವ ಲೆಕ್ಕ.

ಇನ್ನು ನಿಮ್ಮ ತಾತನ ಪಾಡು. ಅವರು ರೂಮು ಹಿಡಿದಿದ್ದವರು. ರೂಮು ಹಿಡಿದವರಿಗೂ ಊರಿನ ಓಟು ಸಿಗುವ ದಾರಿ ಒಂದಿತ್ತು. ಕೇಳಿದರೆ ನಗು ಬರುತ್ತದೆ. ರೂಮನ್ನು ಖಾಲಿ ರೂಮಾಗಿ ಬಾಡಿಗೆಗೆ ಪಡೆದಿದ್ದರೆ ಓಟು, ಮಂಚ ಕುರ್ಚಿ ಸಮೇತ ಪಡೆದಿದ್ದರೆ ಇಲ್ಲ! ಓದಲು ಹೋದ ಹುಡುಗ ಮಂಡ್ಯದಿಂದ ಮಂಚ ಹೊತ್ತುಕೊಂಡು ಹಡಗು ಹತ್ತುತ್ತಾನಾ? ಹಾಗಾಗಿ ಅದು ಹೋಯಿತು.

ಪಾರ್ಲಿಮೆಂಟಿನ ಓಟು ಯಾಕಿಲ್ಲ? ಈಗಷ್ಟೇ ಹೋದವರಾದರೆ ಆ ವರ್ಷದ ಪಟ್ಟಿಯಲ್ಲಿ ಹೆಸರು ಸೇರುವುದಕ್ಕೇ ಸಮಯ ಸಾಲುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅಲ್ಲಿ ಓಟು ಹಾಕಲು ಬ್ರಿಟಿಷ್ ದೊರೆಯ ಪ್ರಜೆಯಾಗಿರಬೇಕು. ಮದರಾಸಿನವರು, ಬೊಂಬಾಯಿಯವರು ಪ್ರಜೆಗಳು. ನಮ್ಮ ಮೈಸೂರಿನವರು ಅಲ್ಲ. ನಾವು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಜೆಗಳು, ಬ್ರಿಟಿಷರ ಲೆಕ್ಕದಲ್ಲಿ ಬರೀ ‘ರಕ್ಷಣೆಗೆ ಒಳಪಟ್ಟವರು’. ಆಗಿನ ನಮ್ಮ ಸಂಸ್ಥಾನದಲ್ಲೂ ಪ್ರಜಾಪ್ರತಿನಿಧಿ ಸಭೆಯ ಓಟು ಆಸ್ತಿ ಕಂದಾಯ ಇದ್ದವರದೇ ಆಗಿತ್ತು. ಅಂತೂ ನಿಮ್ಮ ತಾತನಿಗೆ ಅಲ್ಲಿಯೂ ಇಲ್ಲ, ಓದುವ ಹುಡುಗನಾದ್ದರಿಂದ ಇಲ್ಲಿಯೂ ಬಹುಶಃ ಇಲ್ಲ.

ಆ ಮಗನಿಗೆ ಯಾವಾಗ ಸಿಕ್ಕಿತು ಅಂತ ಕೇಳುತ್ತೀರಿ. ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು. 1945ರಲ್ಲಿ ಕಾನೂನು ಬದಲಾಗಿ, ಪಾರ್ಲಿಮೆಂಟಿಗೆ ಓಟಿದ್ದವರಿಗೆಲ್ಲ ಊರಿಗೂ ಓಟು ಬಂತು. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತಾರು. ಅಂಗಡಿಯವರ ಕತೆ ಉಲ್ಟಾ. ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಅಂಗಡಿ ಇದ್ದರೆ ಎರಡೂ ಊರಿನಲ್ಲಿ ಓಟು ಹಾಕಬಹುದಿತ್ತು. ಅದು ನಿಂತಿದ್ದು 1969ರಲ್ಲಿ.

ಆ ಕಾಲದಲ್ಲಿ ಅಲ್ಲಿಯ ಕೌನ್ಸಿಲ್‌ಗಳಿಗೆ ಭಾರತೀಯರು ಯಾರಾದರೂ ನಿಂತು ಗೆದ್ದಿದ್ದರಾ?
— ಓದುಗರು, ಕುವೆಂಪುನಗರ, ಮೈಸೂರು

ಗೆದ್ದಿದ್ದರು. ವಿ.ಕೆ. ಕೃಷ್ಣ ಮೆನನ್ ಅವರು ರಕ್ಷಣಾ ಮಂತ್ರಿಯಾಗಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಬರೋದಲ್ಲಿ (ಬರೋ ಅಂದರೆ ತನ್ನದೇ ಕೌನ್ಸಿಲ್, ಮೇಯರ್ ಇರುವ ಊರು ಅಥವಾ ನಗರದ ಭಾಗ) ಲೇಬರ್ ಪಕ್ಷದಿಂದ ಕೌನ್ಸಿಲರ್ ಆಗಿದ್ದರು, 1934ರಿಂದ 1947ರವರೆಗೆ. ನಮ್ಮ ಭಾಷೆಯಲ್ಲಿ ಕಾರ್ಪೊರೇಟರ್. ಅದೇ 1934ರಲ್ಲಿ ಪಂಜಾಬಿನಿಂದ ಹೋಗಿದ್ದ ಡಾಕ್ಟರ್ ಚುನಿಲಾಲ್ ಕಟಿಯಾಲ್ ಫಿನ್ಸ್‌ಬರಿ ಕೌನ್ಸಿಲಿಗೆ ಬಂದರು. 1938ರಲ್ಲಿ ಅಲ್ಲಿಯ ಮೇಯರ್ ಕೂಡ ಆದರು. ಆ ವರ್ಷವೇ ಫಿನ್ಸ್‌ಬರಿಯಲ್ಲಿ ಬಡವರಿಗಾಗಿ ಕಟ್ಟಿದ ಆರೋಗ್ಯ ಕೇಂದ್ರ ತೆರೆಯಿತು. ಕಟ್ಟಡ ಇವತ್ತಿಗೂ ಇದೆ. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಇದೇ ಕಟಿಯಾಲ್ ಅವರ ಮನೆಯಲ್ಲಿ.

ಮೇಲಿನ ಪ್ರಶ್ನೆಗೂ ಇದಕ್ಕೂ ಒಂದು ಕೊಂಡಿ ಇದೆ. ಮೆನನ್ ಹುಟ್ಟಿದ್ದು ಮಲಬಾರಿನಲ್ಲಿ, ಅಂದರೆ ಮದರಾಸು ಪ್ರಾಂತ್ಯದಲ್ಲಿ. ಗುಂಡ್ಲುಪೇಟೆಯಿಂದ ಕಾಡು ದಾಟಿ ಆಚೆ ಇಳಿದರೆ ಬ್ರಿಟಿಷ್ ಪ್ರಜೆ. ಈಚೆಯಲ್ಲಿ ಹುಟ್ಟಿದ್ದರೆ ಆ ಮಂಡ್ಯದ ತಾತನ ಜೊತೆ ಕಿಟಕಿಯಿಂದ ಎಲೆಕ್ಷನ್ ನೋಡುತ್ತಾ ಕೂರಬೇಕಿತ್ತು.

ಜಾತಿಯ ಲೆಕ್ಕಾಚಾರ ಇಲ್ಲದ ಊರಿನಲ್ಲಿ ಯಾವುದರ ಮೇಲೆ ಎಲೆಕ್ಷನ್ ಮಾಡುತ್ತಿದ್ದರು?
— ಓದುಗರು, ಕೃಷ್ಣರಾಜಪೇಟೆ

ಒಂದು ಪೆನ್ನಿಯ ಮೇಲೆ.

ತಮಾಷೆಯಲ್ಲ. ನನಗೆ ಈ ಪ್ರಶ್ನೆ ಬಲು ಇಷ್ಟ, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ. ಅಲ್ಲಿಯ ಮನೆ ಕಂದಾಯಕ್ಕೆ ‘ರೇಟ್ಸ್’ ಅಂತ ಹೆಸರು. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅಂತ ಒಂದು ಬೆಲೆ ಕಟ್ಟುತ್ತಿದ್ದರು. ಆಮೇಲೆ ಕೌನ್ಸಿಲ್ ಪ್ರತಿ ವರ್ಷ ಕೂತು, ಆ ಬೆಲೆಯ ಒಂದೊಂದು ಪೌಂಡಿಗೆ ಇಷ್ಟು ಶಿಲ್ಲಿಂಗ್, ಇಷ್ಟು ಪೆನ್ನಿ ಅಂತ ತೀರ್ಮಾನಿಸುತ್ತಿತ್ತು. ಹಳೇ ಲೆಕ್ಕದಲ್ಲಿ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ಅಲ್ಲಿಗೆ ಪೌಂಡಿಗೆ 240 ಪೆನ್ನಿ.

ಒಂದು ಮನೆಯ ಬೆಲೆ 15 ಪೌಂಡ್ ಅಂತ ಇಟ್ಟುಕೊಳ್ಳಿ. ಕೌನ್ಸಿಲ್ ಒಂದು ಪೆನ್ನಿ ಏರಿಸಿದರೆ ಆ ಮನೆಗೆ ವರ್ಷಕ್ಕೆ ಜಾಸ್ತಿಯಾಗುವುದು 15 ಪೆನ್ನಿ, ಅಂದರೆ ಒಂದೂಕಾಲು ಶಿಲ್ಲಿಂಗ್. ಊರಿನ ಎಲ್ಲ ಕಟ್ಟಡಗಳ ಬೆಲೆ ಸೇರಿ 2,40,000 ಪೌಂಡ್ ಆದರೆ ಅದೇ ಒಂದು ಪೆನ್ನಿಯಿಂದ ಕೌನ್ಸಿಲಿಗೆ ಬರುವುದು 1,000 ಪೌಂಡ್. ಈಜುಕೊಳ ಬೇಕಾ? ಎಷ್ಟು ಪೆನ್ನಿ? ಲೈಬ್ರರಿಗೆ ಹೊಸ ಕೋಣೆ? ಅರ್ಧ ಪೆನ್ನಿ. ಮಾತೆಲ್ಲ ಇದೇ ಭಾಷೆಯಲ್ಲಿ. ನಮ್ಮಲ್ಲಿ ವಾರ್ಡ್ ಸಭೆಯಲ್ಲಿ ಯಾರಾದರೂ “ಈ ಚರಂಡಿಯಿಂದ ನನ್ನ ಬಿಲ್ಲಿಗೆ ಎಷ್ಟು ರೂಪಾಯಿ ಬೀಳುತ್ತೆ” ಅಂತ ಕೇಳಿದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕೇಳಿಲ್ಲ. ಬಿಲ್ಲು ಕಟ್ಟುವುದೇ ಇಲ್ಲ ಅಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಅನೇಕ ಊರುಗಳಲ್ಲಿ ಎರಡು ಬಣ. ಒಂದು ಕಡೆ ಲೇಬರ್ ಪಕ್ಷ: ಮನೆ ಕಟ್ಟಿಸಿ, ಕೊಳಚೆ ಬೀದಿ ಕೆಡವಿ, ಕೂಲಿ ಸರಿಯಾಗಿ ಕೊಡಿ. ಇನ್ನೊಂದು ಕಡೆ ಅಂಗಡಿಯವರು, ಮನೆ ಮಾಲೀಕರು, ವಕೀಲರು: ರೇಟ್ಸ್ ಏರಿಸಬೇಡಿ. ಇವರಲ್ಲಿ ಜಾಸ್ತಿ ಜನ ಕನ್ಸರ್ವೇಟಿವ್ ಪಕ್ಷದ ಕಡೆಯವರೇ. ಆದರೂ ಹಾಗೆ ಹೇಳಿಕೊಳ್ಳದೆ ‘ಪಕ್ಷೇತರ’ ಅಂತಲೋ ‘ರೇಟ್ಸ್ ಕಟ್ಟುವವರ ಸಂಘ’ ಅಂತಲೋ ನಿಲ್ಲುತ್ತಿದ್ದರು. ಊರಿನ ವಿಷಯಕ್ಕೆ ರಾಜಕೀಯ ತರಬಾರದು ಅನ್ನುವುದು ಅವರ ರಾಜಕೀಯ! 1919ರ ನವೆಂಬರಿನಲ್ಲಿ, ಯುದ್ಧ ಮುಗಿದ ಮೇಲಿನ ಮೊದಲ ಎಲೆಕ್ಷನ್‌ನಲ್ಲಿ, ಲೇಬರ್‌ನವರು ನುಗ್ಗಿಬಂದರು. 1926ರಲ್ಲಿ ಶೆಫೀಲ್ಡ್‌ನಂಥ ದೊಡ್ಡ ನಗರವೇ ಅವರ ಕೈಗೆ ಬಂತು. ಎರಡು ಯುದ್ಧಗಳ ನಡುವೆ ಕೌನ್ಸಿಲ್‌ಗಳು ಕಟ್ಟಿಸಿದ ಬಾಡಿಗೆ ಮನೆಗಳು ಸುಮಾರು 11 ಲಕ್ಷ. ಅದರ ಹಿಂದೆ ಲಂಡನ್ ಸರ್ಕಾರದ ದುಡ್ಡೂ ಇತ್ತು, ಈ ಪೆನ್ನಿಗಳೂ ಇದ್ದವು.

ಪೆನ್ನಿಗಾಗಿ ಜೈಲಿಗೂ ಹೋದವರಿದ್ದಾರೆ. 1921ರಲ್ಲಿ ಲಂಡನ್ನಿನ ಪೊಪ್ಲಾರ್ ಅನ್ನುವ ಬಡವರ ಬರೋದ 30 ಮಂದಿ ಕೌನ್ಸಿಲರ್‌ಗಳು ಆರು ವಾರ ಒಳಗಿದ್ದರು. ನಮ್ಮಲ್ಲಿ ಕೆಲಸವಿಲ್ಲದ ಬಡವರೇ ಜಾಸ್ತಿ, ಅವರ ಖರ್ಚು ನಾವೇ ಹೊರಬೇಕು, ಶ್ರೀಮಂತ ಬರೋಗಳಿಗೆ ಅದರ ಹೊರೆಯೇ ಇಲ್ಲ, ಹಾಗಿರುವಾಗ ಇಡೀ ಲಂಡನ್ನಿನ ಖರ್ಚಿನ ಪಾಲು ನಾವು ಕೊಡುವುದಿಲ್ಲ ಅಂತ ಹಟ ಹಿಡಿದರು. ಗಂಡಸರು ಬ್ರಿಕ್ಸ್‌ಟನ್ ಜೈಲಿನಲ್ಲಿ, ಹೆಂಗಸರು ಹಾಲೊವೇಯಲ್ಲಿ. ಕೌನ್ಸಿಲ್ ಸಭೆ ನಡೆಸಬೇಕಲ್ಲ, ಹೆಂಗಸರನ್ನು ಬ್ರಿಕ್ಸ್‌ಟನ್ನಿಗೆ ಕರೆತಂದು ಜೈಲಿನಲ್ಲೇ ಸಭೆ ನಡೆಸಿದರು. ಕೊನೆಗೆ ಸರ್ಕಾರವೇ ಬಗ್ಗಿ, ಬಡವರ ಖರ್ಚನ್ನು ಎಲ್ಲ ಬರೋಗಳಿಗೂ ಹಂಚುವ ಕಾನೂನು ತಂದಿತು.

ಅಲ್ಲಿಯೂ ಚಿಹ್ನೆ, ಬೆರಳಿಗೆ ಶಾಯಿ ಎಲ್ಲ ಇತ್ತಾ?
— ಓದುಗರು, ಬನ್ನಿಮಂಟಪ, ಮೈಸೂರು

ಬನ್ನಿಮಂಟಪದಿಂದ ಶಾಯಿ ಪ್ರಶ್ನೆ! ನಿಮ್ಮ ಬೀದಿಯ ಹತ್ತಿರವೇ ಇರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ ದೇಶಕ್ಕೆಲ್ಲ ಆ ಶಾಯಿ ಹೋಗುತ್ತದೆ. ಮಹಾರಾಜರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾಯಿತು. ಅದರ ಶಾಯಿ ಓಟಿಗೆ ಬಂದದ್ದು 1962ರ ಚುನಾವಣೆಯಿಂದ. ಪೋಲಿಂಗ್ ಡ್ಯೂಟಿಯಲ್ಲಿ ಆ ಸಣ್ಣ ಸೀಸೆ ಉರುಳದಿರಲಿ ಅಂತ ಒಂದು ಡಬ್ಬಿಗೆ ಮರಳು ತುಂಬಿ ಅದರಲ್ಲಿ ನೆಡುತ್ತಿದ್ದೆವು. ಒಂದು ಸಲ ಸಂಜೆ ಸೀಲ್ ಮಾಡುವ ಗಡಿಬಿಡಿಯಲ್ಲಿ ನನ್ನ ಕೈ ತಾಗಿ ಹೆಬ್ಬೆರಳೆಲ್ಲ ಕಪ್ಪಾಯಿತು. ಮೂರು ವಾರ ಅನ್ನ ಕಲಸುವಾಗಲೆಲ್ಲ ನಮ್ಮ ಮನೆಯವಳು ಮುಖ ತಿರುಗಿಸುತ್ತಿದ್ದಳು.

ಇಂಗ್ಲೆಂಡಿನಲ್ಲಿ ಶಾಯಿ ಇರಲಿಲ್ಲ, ಈಗಲೂ ಇಲ್ಲ. ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆದರೆ ಆಯಿತು. ಚಿಹ್ನೆಯೂ ಇರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಮತಪತ್ರದಲ್ಲಿ ಪಕ್ಷದ ಹೆಸರೂ ಇರುತ್ತಿರಲಿಲ್ಲ. ಅದು ಸೇರಿದ್ದು 1969ರ ಕಾನೂನಿನ ಮೇಲೆ. ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿ ಅಭ್ಯರ್ಥಿಯ ಹೆಸರು, ವಿಳಾಸ, ಉದ್ಯೋಗ, ಅಷ್ಟೇ. ಇಂಥವರು, ಇಂಥ ಬೀದಿ, ದಿನಸಿ ವ್ಯಾಪಾರಿ. ಇಂಥವರು, ಇಂಥ ಬೀದಿ, ರೈಲ್ವೆ ಗಾರ್ಡ್. ಒಳಗೆ ಹೋದವರು ಹೆಸರು ನೆನಪಿಟ್ಟುಕೊಂಡು ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕಬೇಕು. ನಮ್ಮಲ್ಲಿ ಹಾಗೇನಾದರೂ ಮಾಡಿದ್ದರೆ 1952ರಲ್ಲಿ ಓದುಬರಹ ಬಾರದ ನಮ್ಮಮ್ಮ ಜೋಡೆತ್ತಿನ ಬದಲು ಯಾರಿಗೆ ಹಾಕಿ ಬರುತ್ತಿದ್ದಳೋ. ಅಲ್ಲಿ ಇದಕ್ಕಾಗಿಯೇ ಪಕ್ಷದವರು ಮನೆಮನೆಗೆ ಹೋಗಿ ಹೆಸರು ಅಚ್ಚು ಹಾಕಿಸಿದ ಕಾರ್ಡು ಕೊಡುತ್ತಿದ್ದರು, ಎದೆಗೆ ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಆ ಬಣ್ಣವಾದರೂ ದೇಶಕ್ಕೆಲ್ಲ ಒಂದೇನಾ? ಇಲ್ಲ, ಊರಿಂದೂರಿಗೆ ಬೇರೆ.

ಹೆಂಗಸರು ನಿಲ್ಲುತ್ತಿದ್ದರಾ?
— ಓದುಗಿ, ಮದ್ದೂರು

1907ರಿಂದಲೇ ನಿಲ್ಲಬಹುದಿತ್ತು. ಮಾರನೇ ವರ್ಷವೇ ಆಲ್ಡ್‌ಬರಾ ಅನ್ನುವ ಕಡಲ ತೀರದ ಊರಿಗೆ ಡಾಕ್ಟರ್ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಮೇಯರ್ ಆದರು. ಇಂಗ್ಲೆಂಡಿಗೆ ಅವರೇ ಮೊದಲ ಮಹಿಳಾ ಮೇಯರ್. 1927ರಲ್ಲಿ ಲಿವರ್‌ಪೂಲ್‌ಗೆ ಮಾರ್ಗರೆಟ್ ಬೀವನ್ ಬಂದರು. ಆದರೂ ಒಟ್ಟು ಸಂಖ್ಯೆ ಕಡಿಮೆಯೇ. ಮೀಸಲಾತಿ ಇರಲಿಲ್ಲವಲ್ಲ.

ಕೌನ್ಸಿಲರ್‌ಗಳಿಗೆ ಸಂಬಳ ಎಷ್ಟಿತ್ತು?
— ಓದುಗರು, ಮಳವಳ್ಳಿ

ಸೊನ್ನೆ. ಸಭೆಗಾಗಿ ಕೂಲಿ ಕಳೆದುಕೊಂಡರೆ ಅದಕ್ಕೆ ಪರಿಹಾರ ಅಂತ ಬಂದದ್ದೇ 1948ರ ಕಾನೂನಿನಿಂದ. ಗಿರಣಿ ಕೆಲಸಗಾರ ಹಗಲು ಸಭೆಗೆ ಹೇಗೆ ಹೋಗಬೇಕು ಅಂತ ನೀವೇ ಯೋಚಿಸಿ.

ಆಲ್ಡರ್‌ಮನ್ ಅಂದರೆ ಯಾರು? ನಮ್ಮ ನಾಮಕರಣ ಸದಸ್ಯರ ಥರವಾ?
— ಓದುಗರು, ನಂಜನಗೂಡು

ಅಲ್ಲ, ಅವರಿಗಿಂತ ಗಟ್ಟಿ ಕುಳ. ನಮ್ಮ ನಾಮಕರಣ ಸದಸ್ಯರನ್ನು ಸರ್ಕಾರ ಕಳಿಸುತ್ತದೆ, ಅವರಿಗೆ ಓಟಿಲ್ಲ. ಆಲ್ಡರ್‌ಮನ್‌ರನ್ನು ಗೆದ್ದ ಕೌನ್ಸಿಲರ್‌ಗಳೇ ಆರಿಸುತ್ತಿದ್ದರು. ಓಟೂ ಇತ್ತು. ಕೌನ್ಸಿಲರ್‌ಗೆ ಮೂರು ವರ್ಷ, ಇವರಿಗೆ ಆರು ವರ್ಷ. ಮೂವರು ಕೌನ್ಸಿಲರ್‌ಗಳಿಗೆ ಒಬ್ಬ ಆಲ್ಡರ್‌ಮನ್. ಹದಿನೆಂಟು ಜನ ಗೆದ್ದರೆ, ಜನರ ಮುಂದೆ ಹೋಗಬೇಕಿಲ್ಲದ ಆರು ಜನ ಜೊತೆಗೆ ಕೂರುತ್ತಿದ್ದರು. ಬೀದಿಯಲ್ಲಿ ಸೋತ ಬಣ ಆಲ್ಡರ್‌ಮನ್‌ಗಳ ಬಲದಿಂದ ಸಭೆಯಲ್ಲಿ ಉಳಿದುಕೊಳ್ಳಬಹುದಿತ್ತು. ನನಗೆ ಈ ಏರ್ಪಾಡು ಹಿಡಿಸುವುದಿಲ್ಲ. 1974ರಲ್ಲಿ ಅಲ್ಲಿಯವರೇ ಮುಗಿಸಿದರು.

ಒಬ್ಬ ಆಲ್ಡರ್‌ಮನ್ ಕತೆ ಹೇಳುತ್ತೇನೆ. ಗ್ರಾಂತಮ್ ಅನ್ನುವ ಊರಿನಲ್ಲಿ ಆಲ್ಫ್ರೆಡ್ ರಾಬರ್ಟ್ಸ್ ಅಂತ ದಿನಸಿ ಅಂಗಡಿಯವರು. ಅಂಗಡಿಯ ಮೇಲೇ ಮನೆ. 1927ರಲ್ಲಿ ಕೌನ್ಸಿಲಿಗೆ ಗೆದ್ದರು. ಪಕ್ಷದ ಹೆಸರಿಲ್ಲ, ಆದರೆ ಖರ್ಚಿನ ಮೇಲೆ ಕಣ್ಣು. ಹಣಕಾಸು ಸಮಿತಿ ಅವರ ಕೈಯಲ್ಲಿತ್ತು. 1943ರಲ್ಲಿ ಆಲ್ಡರ್‌ಮನ್, 1945ರಲ್ಲಿ ಮೇಯರ್. ಆಮೇಲೆ ಕೌನ್ಸಿಲ್ ಲೇಬರ್ ಕೈಗೆ ಹೋಯಿತು. 1952ರಲ್ಲಿ ಅವರನ್ನು ಆಲ್ಡರ್‌ಮನ್ ಸ್ಥಾನಕ್ಕೆ ಮತ್ತೆ ಆರಿಸಲಿಲ್ಲ. ಇಪ್ಪತ್ತೈದು ವರ್ಷ ಕೂತಿದ್ದ ಸಭೆಯಿಂದ ನಿಲುವಂಗಿ ತೆಗೆದಿಟ್ಟು ಎದ್ದುಬಂದರು. ಅದನ್ನು ನೆನೆದು 1985ರಲ್ಲಿ ಟಿವಿ ಸಂದರ್ಶನದಲ್ಲಿ ಅವರ ಮಗಳು ಕಣ್ಣೀರು ಹಾಕಿದರು. ಮಗಳ ಹೆಸರು ಮಾರ್ಗರೆಟ್ ಥ್ಯಾಚರ್. ಆಗ ಆಕೆ ದೇಶದ ಪ್ರಧಾನಿ.

ಈಗ ಮಂಡ್ಯದ ಓದುಗಿಯ ಎರಡನೇ ಪ್ರಶ್ನೆ

ತಾಯಿ, ಊರಿನ ಹೆಸರನ್ನು ನಾನು ಹೇಳಲಾರೆ. ಆದರೆ ತಾರೀಕೇ ಅರ್ಧ ಉತ್ತರ ಕೊಡುತ್ತದೆ.

ನವೆಂಬರ್ 1 ಅಂದಿರಿ. ಆ ದಿನ ಓಟು ನಡೆಯುತ್ತಿದ್ದುದು ‘ಬರೋ’ ಎನ್ನುವ ದರ್ಜೆಯ ಊರುಗಳಲ್ಲಿ. ಅದಕ್ಕಿಂತ ಕೆಳಗಿನ ದರ್ಜೆಯ ಪಟ್ಟಣಗಳಿಗೆ ಏಪ್ರಿಲ್ ಹೊತ್ತಿಗೆ ಚುನಾವಣೆ. ಹಾಗಾದರೆ ನಿಮ್ಮ ತಾತನ ಊರು ಮೇಯರ್ ಇದ್ದ ಊರು. ಲಂಡನ್ ಅಂತೂ ಅಲ್ಲ. ಲಂಡನ್ನಿನ ಬರೋಗಳಿಗೆ ಮೂರು ವರ್ಷಕ್ಕೊಮ್ಮೆ ಓಟು, 1934 ಮತ್ತು 1937ರಲ್ಲಿ. 1935ರಲ್ಲಿ ಇಲ್ಲ. ಉಳಿದ ಬರೋಗಳಲ್ಲಿ ಪ್ರತಿ ವರ್ಷವೂ ಮೂರರಲ್ಲಿ ಒಂದು ಭಾಗದ ಕೌನ್ಸಿಲರ್‌ಗಳು ಇಳಿದು ಎಲೆಕ್ಷನ್ ನಡೆಯುತ್ತಿತ್ತು. ಇನ್ನೂ ಒಂದು ಸುಳಿವಿದೆ. ಎದುರಾಳಿಯೇ ಇಲ್ಲದ ವಾರ್ಡಿನಲ್ಲಿ ಓಟು ನಡೆಯುತ್ತಿರಲಿಲ್ಲ, ನಾಮಪತ್ರ ಕೊಟ್ಟವನೇ ಗೆದ್ದಂತೆ. ಮನೆಯಾಕೆ ಮಳೆಯಲ್ಲಿ ಹೋದರು ಅಂದರೆ ಆ ವಾರ್ಡಿನಲ್ಲಿ ಜಟಾಪಟಿ ಇತ್ತು.

ಆ ಊರುಗಳಲ್ಲಿ ಹೊಸ ಮೇಯರ್‌ನ ಆಯ್ಕೆ ನವೆಂಬರ್ 9ಕ್ಕೆ. ಮೈಸೂರಿನಲ್ಲಿ ನಾವು ನೋಡಿದಂತೆ ಒಂದೇ ವರ್ಷದ ಅಧಿಕಾರ. ನಾನು ಗೋಡೆಯ ಮೇಲೆ ನೋಡಿದ ಹಲಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ವರ್ಷ ಇದ್ದದ್ದು ಅದಕ್ಕೇ. ಕೆಂಪು ನಿಲುವಂಗಿ, ಕೊರಳಲ್ಲಿ ಸರ, ಮುಂದೆ ಬೆಳ್ಳಿಯ ದಂಡ ಹಿಡಿದವನು, ಹೀಗೆ ಚರ್ಚಿಗೆ ಮೆರವಣಿಗೆ ಹೋಗುವ ಪದ್ಧತಿ ಅನೇಕ ಊರುಗಳಲ್ಲಿತ್ತು. 1935ರಲ್ಲಿ 9ನೇ ತಾರೀಕು ಶನಿವಾರ. ದಸರಾ ನೋಡಿ ಬೆಳೆದ ಹುಡುಗ ಆ ಮೆರವಣಿಗೆ ನೋಡಿದ್ದರೆ ಅಜ್ಜಿಗೆ ಬರೆಯದೆ ಇರುತ್ತಿರಲಿಲ್ಲ. ಟ್ರಂಕಿನ ತಳದ ಪೇಪರ್ ಎತ್ತಿ ಒಮ್ಮೆ ನೋಡಿ. ಇನ್ನೊಂದು ಕಾಗದ ಸಿಕ್ಕರೆ ನನಗೂ ಒಂದು ಜೆರಾಕ್ಸ್ ಕಳಿಸಿ.